ಭಟ್ರೇ, ಸ್ವಲ್ಪ ಇಳೀತೀರಾ?

ನನಗೆ ಗಾಡಿ ಓಡಿಸಲು ಬರುವುದಿಲ್ಲ. ಡೊಂಬಿವಲಿಯಲ್ಲಿ ಇದು ನಾಚಿಕೊಳ್ಳಬೇಕಾದ ಸಂಗತಿಯೇನಲ್ಲ. ಇಲ್ಲಿ ಮನುಷ್ಯನ ಯೋಗ್ಯತೆಯನ್ನು ಅಳೆಯುವುದು ಅವನು ಬೆಳಗಿನ ಲೋಕಲ್ ರೈಲು ಹೇಗೆ ಹತ್ತುತ್ತಾನೆ ಎಂಬುದರಿಂದ. ಆ ವಿದ್ಯೆಯಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಠಾಣೆ ನಿಲ್ದಾಣದಲ್ಲಿ ಇಳಿದು, ಸೇತುವೆ ಹತ್ತಿ, ನೆರೂಳಿನ ಗಾಡಿ ಹಿಡಿದು, ಅಂಗಿಯ ಗುಂಡಿಗಳೆಲ್ಲ ಇದ್ದಲ್ಲೇ ಇರುವಂತೆ ಆಫೀಸು ಮುಟ್ಟುವ ಕಲೆ ನನಗೆ ಸಿದ್ಧಿಸಿದೆ. ಹಾಗಾಗಿ ಸ್ಟಿಯರಿಂಗ್ ಹಿಡಿದವರನ್ನು ಕಂಡು ನಾನು ಹೊಟ್ಟೆಕಿಚ್ಚು ಪಟ್ಟವನೇ ಅಲ್ಲ. ಆದರೆ ಹೆಣ್ಣು ಹೆತ್ತವನಿಗೆ ಏನೇನು ಬರುವುದಿಲ್ಲವೋ ಅದೆಲ್ಲ ಮಗಳ ಮದುವೆಯ ಹೊತ್ತಿಗೆ ಎದುರು ಬಂದು ನಿಲ್ಲುತ್ತದೆ ಎನ್ನುತ್ತಾರೆ. ನನ್ನ ಎದುರು ಬಂದು ನಿಂತದ್ದು ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುವ, ಏಣಿಯಿಲ್ಲದೆ ಹತ್ತಲಾಗದಷ್ಟು ಎತ್ತರದ ಒಂದು ಜೀಪು.

ನನ್ನ ಮಗಳು ಅನಘಾ ಠಾಣೆಯ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಜನರ ಮೊಣಕಾಲು, ಸೊಂಟ, ಹೆಗಲುಗಳನ್ನು ದಾರಿಗೆ ತರುವುದು ಅವಳ ಕೆಲಸ. ಇಲ್ಲೇ ಹುಟ್ಟಿ ಬೆಳೆದವಳು. ನಾವು ಮನೆಯಲ್ಲಿ ಆಡುವ ತುಳು, ಕನ್ನಡ ಎಲ್ಲ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೋ ಮರಾಠಿಯಲ್ಲೋ ಬರುತ್ತದೆ. ಒಂದು ದಿನ ಅವಳೆದುರು ಕಾಲು ಚಾಚಿ ಮಲಗಿದವರು ವಾಸುದೇವ ರಾಯರು. ಉಡುಪಿ ಕಡೆಯವರು, ಕಲ್ಯಾಣದಲ್ಲೊಂದು ಠಾಣೆಯಲ್ಲೊಂದು ಸಸ್ಯಾಹಾರಿ ಹೋಟೆಲು ನಡೆಸುವವರು. ಅವಳು ಅವರ ಮೊಣಕಾಲು ಮಡಿಸಿ ಬಿಡಿಸಿ ಮಾಡುವಷ್ಟರಲ್ಲಿ ಅವರು ನಮ್ಮ ಊರು, ಗೋತ್ರ, ನನ್ನ ಫೋನ್ ನಂಬರು ಎಲ್ಲ ಕೇಳಿ ತಿಳಿದುಕೊಂಡಾಗಿತ್ತು. ಅವರಿಗೆ ನಿಶಾಂತ್ ಎಂಬ ಒಬ್ಬನೇ ಮಗ, ಠಾಣೆಯ ಹೋಟೆಲು ನೋಡಿಕೊಳ್ಳುತ್ತಾನೆ.

"ಎರಡು ಹೋಟೆಲು, ಒಬ್ಬನೇ ಮಗ" ಎಂದು ನನ್ನ ಹೆಂಡತಿ ನಳಿನಿ ಆ ವಾರವಿಡೀ ಹೇಳಿಕೊಂಡು ತಿರುಗಿದಳು. ದೇವರ ಮುಂದೆ ಕೂತು ಹೇಳುವುದೂ ಅದನ್ನೇ. ಹುಡುಗ ಹುಡುಗಿ ಠಾಣೆಯಲ್ಲಿ ಕಾಫಿ ಕುಡಿದು ಬಂದರು. "ಹೇಗಿದ್ದಾನೆ?" ಎಂದರೆ ಅನಘಾ "ಠೀಕ್ ಹೈ" ಅಂದಳು. ನಮ್ಮ ಮನೆಯ ಲೆಕ್ಕದಲ್ಲಿ ಅದು ದೊಡ್ಡ ಹೊಗಳಿಕೆ. ಅಮ್ಮನ ಅಡುಗೆಯನ್ನು ಅವಳು ಇದುವರೆಗೆ ಅಷ್ಟೂ ಹೊಗಳಿಲ್ಲ.

ಹೀಗಿರುವಾಗ ರಾಯರ ಫೋನು ಬಂತು. "ಭಟ್ರೇ, ಮನೆ ಹಾಲ್‌ನಲ್ಲಿ ಕೂತು ಉಪ್ಪಿಟ್ಟು ತಿಂದು ಮದುವೆ ಮಾತಾಡುವ ಕಾಲ ಹೋಯ್ತು. ಈ ಆದಿತ್ಯವಾರ ನನ್ನ ಗಾಡೀಲಿ ಹೋಗುವ. ಬದಲಾಪುರದ ಆಚೆ ನಮ್ಮ ಗ್ರೂಪಿನದ್ದು ಟ್ರೇಲ್ ಉಂಟು. ನೀವು, ಅನಘಾ, ನಾನು, ನಿಶಾಂತ್. ಮಕ್ಕಳಿಗೆ ಮಾತಾಡ್ಲಿಕ್ಕೂ ಆಯ್ತು, ನಮಗೆ ಒಬ್ಬರನ್ನೊಬ್ಬರು ತಿಳ್ಕೊಳ್ಳಲಿಕ್ಕೂ ಆಯ್ತು."

"ಟ್ರೇಲ್ ಅಂದ್ರೆ ಎಂತದ್ದು ರಾಯರೇ?"

"ರಸ್ತೆ ಇಲ್ಲದ ಕಡೆ ಗಾಡಿ ಓಡಿಸೂದು ಮಾರಾಯ್ರೆ! ಆಫ್‌ರೋಡ್! ಭಾರೀ ಕಷ್ಟದ್ದು."

ಇಷ್ಟು ವರ್ಷ ಡೊಂಬಿವಲಿಯಲ್ಲಿದ್ದ ನನಗೆ ರಸ್ತೆ ಇಲ್ಲದ ಕಡೆ ಗಾಡಿ ಓಡುವುದು ಅಷ್ಟೇನೂ ವಿಶೇಷ ಎನಿಸಲಿಲ್ಲ. ಆದರೂ "ಓಹೋ!" ಎಂದು ಆಶ್ಚರ್ಯಪಟ್ಟೆ. ಬೀಗರಾಗುವವರ ಮುಂದೆ ಮೊದಲು ಅಭ್ಯಾಸ ಮಾಡಿಕೊಳ್ಳಬೇಕಾದ್ದು ಆಶ್ಚರ್ಯಪಡುವುದನ್ನು.

ಭಾನುವಾರ ನಳಿನಿ ನನಗೆ ಇಸ್ತ್ರಿ ಮಾಡಿದ ಕೆನೆ ಬಣ್ಣದ ಪ್ಯಾಂಟು ತೆಗೆದಿಟ್ಟಿದ್ದಳು. "ಅಲ್ಲಿ ಕೆಸರು ಇರ್ತದಂತೆ ಮಾರಾಯ್ತಿ" ಅಂದೆ. "ಇದ್ರೆ ನಿಮಗೆಂತ? ನೀವು ಗಾಡಿ ಒಳಗೆ ತಾನೇ ಕೂರೂದು?" ಅಂದಳು. ಅವಳ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲೂ ಆಗಲಿಲ್ಲ, ಈಗಲೂ ಆಗುವುದಿಲ್ಲ.

ರಾಯರು ಮೈತುಂಬ ಕಿಸೆಗಳಿದ್ದ ಹಸಿರು ಅಂಗಿ ತೊಟ್ಟು ಬಂದಿದ್ದರು. ಸೊಸೈಟಿಯ ವಾಚ್‌ಮನ್, ನನ್ನನ್ನು ಇಷ್ಟು ವರ್ಷ ಕಂಡೂ ಕೂತಲ್ಲಿಂದ ಏಳದವನು, ಆ ಗಾಡಿಗೆ ಎದ್ದು ಸಲಾಮು ಹೊಡೆದ. ನಾನು ರಾಯರ ಪಕ್ಕದ ಸೀಟಿಗೆ ಹತ್ತುವುದು ಮೂರನೆಯ ಪ್ರಯತ್ನಕ್ಕೆ ಸಾಧ್ಯವಾಯಿತು, ಅದೂ ನಿಶಾಂತ್ ಹಿಂದಿನಿಂದ ದೂಡಿದ್ದಕ್ಕೆ. ಹುಡುಗ ಒಳ್ಳೆಯವನಂತೆ ಕಂಡ. ಮಾತು ಕಡಿಮೆ, ಅಪ್ಪ ಮಾತಾಡುವಾಗ ಅದೂ ಇಲ್ಲ, ಮತ್ತು ಅಪ್ಪ ಯಾವಾಗಲೂ ಮಾತಾಡುತ್ತಿದ್ದರು.

ಕಲ್ಯಾಣ–ಶಿಳ್ ರಸ್ತೆಯ ಹೊಂಡಗಳನ್ನು ನೀವು ಬಲ್ಲಿರಿ. ರಾಯರು ಒಂದೊಂದು ಹೊಂಡದ ಮುಂದೆಯೂ ಬ್ರೇಕ್ ಹಾಕಿ, ಬಸುರಿಯನ್ನು ಕರೆದೊಯ್ಯುವವರಂತೆ ಅದನ್ನು ಸುತ್ತಿ ಬಳಸಿ, "ಟ್ಯಾಕ್ಸ್ ತಗೊಳ್ತಾರೆ, ರಸ್ತೆ ನೋಡಿ, ಗಾಡಿ ಅಡಿ ಹೊಡೀತದೆ" ಎಂದು ಮುನಿಸಿಪಾಲಿಟಿಯನ್ನು ಬೈದರು. ಮನೆ ಮುಂದೆ ಪುಕ್ಕಟೆ ಸಿಗುವ ಹೊಂಡವನ್ನು ಬೈದುಕೊಂಡು, ಗ್ರೂಪಿಗೆ ವಂತಿಗೆ ಕೊಟ್ಟು ಬದಲಾಪುರದ ಆಚೆಯ ಹೊಂಡ ಹುಡುಕಿಕೊಂಡು ಹೋಗುತ್ತಿದ್ದೇವಲ್ಲ ಎಂದು ನನಗೆ ಅನಿಸಿತು. ಹೇಳಲಿಲ್ಲ. ದಾರಿಯಲ್ಲಿ ಅವರು ಗಾಡಿಯ ಮಹಿಮೆ ವಿವರಿಸಿದರು. "ಬೇರೆ ಗಾಡೀಲಿ ಎರಡೇ ಚಕ್ರ ಕೆಲಸ ಮಾಡೂದು ಭಟ್ರೇ, ಉಳಿದೆರಡು ಸುಮ್ನೆ ಒಟ್ಟಿಗೆ ಉರುಳ್ತದೆ. ಇದ್ರಲ್ಲಿ ನಾಲ್ಕೂ ದುಡೀತದೆ." "ನಮ್ಮ ಆಫೀಸಿನಲ್ಲಿ ನಾಲ್ಕರಲ್ಲಿ ಒಂದೇ ದುಡಿಯೂದು" ಎಂದು ನಾನು ಒಂದು ಹಾಸ್ಯ ಮಾಡಿದೆ. ಹಿಂದಿನ ಸೀಟಿನಲ್ಲಿ ಅನಘಾ ಕಿಸಕ್ಕೆಂದಳು. ರಾಯರು ನಗಲಿಲ್ಲ. ತಮ್ಮದಲ್ಲದ ಹಾಸ್ಯಕ್ಕೆ ನಗುವ ಅಭ್ಯಾಸ ಅವರಿಗಿಲ್ಲ ಎಂಬುದು ಆ ದಿನ ನಾನು ಅವರ ಬಗ್ಗೆ ತಿಳಿದುಕೊಂಡ ಮೊದಲ ವಿಷಯ.

ಬೆಟ್ಟದ ಬುಡದಲ್ಲಿ ಗ್ರೂಪಿನ ಗಾಡಿಗಳೆಲ್ಲ ಸೇರಿದ್ದವು. ಮಳೆಗಾಲ ಮುಗಿದಿದ್ದರೂ ನೆಲ ಒಣಗಿರಲಿಲ್ಲ. ಕೆಂಪು ಕೆಸರು, ಕೆಸರಿನಾಚೆ ಒಂದು ಹಳ್ಳ, ಹಳ್ಳದಾಚೆ ಬಂಡೆಗಳ ಏರು. ಹಿಡಿತ ಸಿಗಲೆಂದು ಎಲ್ಲರೂ ಟೈರಿನ ಗಾಳಿ ಸ್ವಲ್ಪ ಸ್ವಲ್ಪ ಬಿಟ್ಟರು. ಸಾವಂತ್ ಎಂಬ ಸಣಕಲು ಮನುಷ್ಯ ಅವರ ಮಾರ್ಷಲ್ಲು. ಕಷ್ಟದ ಜಾಗದಲ್ಲಿ ಗಾಡಿಯ ಮುಂದೆ ನಿಂತು ಎಡ, ಬಲ, ನಿಲ್ಲು ಎಂದು ಕೈಸನ್ನೆ ಮಾಡುವುದು ಅವನ ಕೆಲಸ. "ಸಿರ್ಫ್ ಮೇರಾ ಹಾಥ್ ದೇಖೋ, ಔರ್ ಕಿಸೀ ಕಾ ನಹೀ" ಎಂದು, ತನ್ನ ಕೈ ಬಿಟ್ಟು ಬೇರೆ ಯಾರ ಕೈಯನ್ನೂ ನೋಡಬಾರದೆಂದು, ಅವನು ಎಲ್ಲರಿಗೂ ಸಾರಿ ಹೇಳಿದ. ರಾಯರೂ ಕೇಳಿಸಿಕೊಂಡರು. ನಾನು ನೋಡಿದ್ದೇನೆ, ತಲೆಯಾಡಿಸಿದರು.

ಮೊದಲನೆಯ ಕೆಸರು ಹೊಂಡದ ಮುಂದೆ ಗಾಡಿ ನಿಂತಿತು. ರಾಯರು ನನ್ನ ಕಡೆ ತಿರುಗಿ, ಬಹಳ ಮೃದುವಾಗಿ, "ಭಟ್ರೇ, ಸ್ವಲ್ಪ ಇಳೀತೀರಾ? ಭಾರ ಕಡಿಮೆ ಆದ್ರೆ ಗಾಡಿ ಹಾರ್ತದೆ" ಅಂದರು.

ನಾನು ಅವರನ್ನು ನೋಡಿದೆ, ನನ್ನನ್ನು ನೋಡಿಕೊಂಡೆ. ರಾಯರ ಒಂದು ತೊಡೆಯಷ್ಟು ನಾನಿದ್ದೇನೆ. ಆದರೆ ಅದನ್ನು ಎತ್ತಿ ಹೇಳುವ ಸಂಬಂಧ ಇನ್ನೂ ಕುದುರಿರಲಿಲ್ಲ. "ಮಕ್ಕಳು?" ಎಂದೆ. "ಅವರು ಕೂತಿರ್ಲಿ, ಮಾತಾಡ್ಲಿ" ಎಂದು ಕಣ್ಣು ಮಿಟುಕಿಸಿದರು. ಹಿಂದೆ ಮಕ್ಕಳು ತಮ್ಮ ತಮ್ಮ ಕಿಟಕಿಯಿಂದ ಆಚೆ ನೋಡುತ್ತಾ ಕೂತಿದ್ದರು. ನಾನು ಇಳಿದೆ. ಇಳಿದ ಮೇಲೆ ರಾಯರು ಕಿಟಕಿಯಿಂದ ಒಂದು ಸ್ಟೀಲ್ ಡಬ್ಬಿ ಚಾಚಿದರು. "ಹಾಂ, ಇದೊಂದು ಹಿಡ್ಕೊಳ್ಳಿ. ಗೋಳಿಬಜೆಗೆ ಚಟ್ನಿ. ಒಳಗಿದ್ರೆ ಚೆಲ್ತದೆ."

ಹೀಗೆ ನಾಲ್ಕು ಚಕ್ರವೂ ದುಡಿಯುವ ಆ ಗಾಡಿಯಿಂದ ಕೆಳಗಿಳಿದದ್ದು ನಾನು ಮತ್ತು ಚಟ್ನಿ. ಮುಳ್ಳುಪೊದೆಗಳ ನಡುವೆ ಹೊಂಡವನ್ನು ಸುತ್ತಿಕೊಂಡು ಹೋಗುವಾಗ ಮಿಕ್ಕ ಗಾಡಿಗಳನ್ನು ಗಮನಿಸಿದೆ. ಒಂದರಲ್ಲಿ ಗಂಡ, ಹೆಂಡತಿ, ಅತ್ತೆ, ನಾಯಿ ಎಲ್ಲ ಒಳಗೇ ಕೂತು ಕೇಕೆ ಹಾಕುತ್ತಿದ್ದರು. ಭಾರ ಕಡಿಮೆ ಮಾಡುವ ವಿಜ್ಞಾನ ಅವರಿಗೆ ಯಾರೂ ಹೇಳಿದಂತಿರಲಿಲ್ಲ. ಆಚೆ ಬದಿಯಲ್ಲಿ ಮತ್ತೆ ಹತ್ತಿದೆ. ಉಸಿರು ಸರಿಯಾಗುವ ಮೊದಲೇ ಇನ್ನೊಂದು ಹೊಂಡ. "ಭಟ್ರೇ, ಸ್ವಲ್ಪ..." ಇಳಿದೆ. ಹತ್ತಿದೆ. ಇಳಿದೆ. ಕೊನೆಗೆ ಹತ್ತುವುದನ್ನು ಬಿಟ್ಟೇಬಿಟ್ಟೆ. ಗಾಡಿಯ ಹಿಂದೆ ಮುಂದೆ ನಡೆದುಕೊಂಡೇ ಹೋದೆ. ನಾಯಿ ಇದ್ದ ಗಾಡಿಯ ಹೆಂಗಸು ತಲೆ ಹೊರಹಾಕಿ, "ಅಂಕಲ್, ಆಪ್ ಟ್ರೆಕ್ಕಿಂಗ್ ಕೇ ಲಿಯೇ ಆಯೇ ಹೋ?" ಎಂದು ಕೇಳಿದಳು. "ಹಾಂ, ಡಾಕ್ಟರ್ ನೇ ಚಲ್ನೇ ಕೋ ಬೋಲಾ ಹೈ" ಅಂದೆ. ಡಾಕ್ಟರು ನಡೆಯಲು ಹೇಳಿದ್ದಾರೆಂದು ಸುಳ್ಳು ಹೇಳಿ, ಬೀಗರ ಮರ್ಯಾದೆ ಕಾಯಲು ನನಗೇ ಒಂದು ಕಾಯಿಲೆ ಅಂಟಿಸಿಕೊಂಡೆ.

ಹಳ್ಳದ ಹತ್ತಿರ ಬಂದೆವು. ಸಾವಂತ್ ಆಚೆಯ ಬಂಡೆಯ ಮೇಲೆ ನಿಂತು, ಬಲಕ್ಕೆ ಬಾ ಎಂದು ಕೈ ಮಾಡುತ್ತಿದ್ದ. ನಾನು ಎಡಗಡೆಯಲ್ಲಿ, ನೀರಿನ ನಡುವಿನ ಕಲ್ಲುಗಳ ಮೇಲೆ ಕಾಲಿಡುತ್ತಾ ದಾಟುತ್ತಿದ್ದೆ. ಗಾಡಿ ನೀರಿಗಿಳಿಯಿತು. ರಾಯರು ಆಗ ಹಿಂದಕ್ಕೆ ತಿರುಗಿ, ಅಡುಗೆಮನೆಗೆ ಆರ್ಡರು ಕೂಗುವ ಅದೇ ಗಂಟಲಿನಲ್ಲಿ, "ನಿಶಾಂತಾ, ನಮ್ಮ ಠಾಣೆ ಹೋಟೆಲಿನ ಎ.ಸಿ. ಹಾಲ್‌ನ ವಿಷಯ ಅನಘಾಳಿಗೆ ಹೇಳಿದ್ಯಾ?" ಎಂದು ಕೇಳುತ್ತಿದ್ದರು. ಹಳ್ಳದ ಸದ್ದಿನಲ್ಲೂ ನನಗೆ ಸ್ಪಷ್ಟವಾಗಿ ಕೇಳಿಸಿತು. ಅದೇ ಗಳಿಗೆಯಲ್ಲಿ ನನ್ನ ಕಾಲು ಪಾಚಿಯ ಮೇಲೆ ಜಾರಿತು. ಬೀಳುವವನು ತನ್ನ ಸೊಂಟ ನೋಡಿಕೊಳ್ಳಬೇಕು. ನಾನು ಚಟ್ನಿ ನೋಡಿಕೊಂಡೆ. ಡಬ್ಬಿಯನ್ನು ತಲೆಯ ಮೇಲೆತ್ತಿ ಹಿಡಿದು ಹಳ್ಳದಲ್ಲಿ ಕುಸಿದು ಕೂತೆ. ಮೊಣಕಾಲು ಕಲ್ಲಿಗೆ ಬಡಿಯಿತು. ಅಷ್ಟರಲ್ಲಿ ಧಡ್ ಎಂದು ಸದ್ದಾಗಿ, ಗಾಡಿಯ ಎಡ ಚಕ್ರ ಎರಡು ಬಂಡೆಗಳ ಸಂದಿಗೆ ಬಿದ್ದು, ಹೊಟ್ಟೆ ಕಲ್ಲಿನ ಮೇಲೆ ಕೂತು, ಇಡೀ ಗಾಡಿ ವಾಲಿ ನಿಂತಿತು. ನಾಲ್ಕು ಚಕ್ರಗಳೂ ಕೆಲಸವಿಲ್ಲದೆ ಗಿರಗಿರ ತಿರುಗಿದವು.

ಸಾವಂತ್ ಬಂಡೆಯಿಂದ ಹಾರಿ ಬಂದ. "ರಾವ್ ಸಾಬ್, ಮೈನೇ ರೈಟ್ ಬೋಲಾ ಥಾ!"

ರಾಯರು ಕಿಟಕಿಯಿಂದ ತಲೆ ಹಾಕಿ ಸುತ್ತ ನೋಡಿದರು. ಹಿಂದಿನ ಗಾಡಿಗಳವರೆಲ್ಲ ಇಳಿದು ಬರುತ್ತಿದ್ದರು. ಅವರ ಕಣ್ಣು ನನ್ನ ಮೇಲೆ ಬಿತ್ತು. "ಭಟ್ ಸಾಬ್ ನೇ ಹಾಥ್ ದಿಖಾಯಾ ನಾ!" ಎಂದರು. ಮತ್ತೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ನೀವು ಆ ಕಡೆಯಿಂದ ಕೈ ಎತ್ತಿದ್ರಿ ಭಟ್ರೇ. ನಾನು ಲೆಫ್ಟ್ ತಗೊಂಡೆ. ಹೀಗೆಲ್ಲ ಮಾಡ್ಲಿಕ್ಕಿಲ್ಲ."

ಎಲ್ಲರೂ ನನ್ನನ್ನು ನೋಡಿದರು. ನಾನು ನೀರಿನಲ್ಲಿ ಕೂತಿದ್ದೆ. ಕೈ ಇನ್ನೂ ಮೇಲೆಯೇ ಇತ್ತು.

ನನಗೆ ನಿಜ ಗೊತ್ತಿತ್ತು. ಅವರು ನನ್ನನ್ನೂ ನೋಡಿರಲಿಲ್ಲ, ಸಾವಂತನನ್ನೂ ನೋಡಿರಲಿಲ್ಲ. ಆದರೆ ಆ ಕ್ಷಣ ನನ್ನ ಕಣ್ಣ ಮುಂದೆ ಬಂದದ್ದು ನಿಜವಲ್ಲ. ದೇವರ ಮುಂದೆ ಕೂತ ನಳಿನಿಯ ಮುಖ. "ಸಾರಿ" ಅಂದೆ. "ಗಲತೀ ಸೇ ಹಾಥ್ ಉಠ್ ಗಯಾ", ತಪ್ಪಿ ಕೈ ಎದ್ದುಹೋಯಿತು ಎಂದೆ. ರಾಯರಿಗೆ ಸಾರಿ ಹೇಳಿದೆ, ಸಾವಂತನಿಗೆ ಹೇಳಿದೆ, ನಾಯಿಯ ಗಾಡಿಯ ಹೆಂಗಸಿಗೂ ಹೇಳಿದೆನೆಂದು ಕಾಣುತ್ತದೆ.

ವಾಲಿದ ಗಾಡಿಯ ಒಳಗಿಂದ ಅನಘಾಳ ದನಿ ಬಂತು, ಮರಾಠಿಯಲ್ಲಿ. "ಅಪ್ಪಾಂನೀ ಕಾಹೀ ಕೇಲ ನಾಹೀ. ಅಂಕಲ್, ತುಮ್ಹೀ ಸಮೋರ್ ಬಘತಚ್ ನವ್ಹತಾ." ಅಪ್ಪ ಏನೂ ಮಾಡಿಲ್ಲ, ನೀವೇ ಮುಂದೆ ನೋಡುತ್ತಿರಲಿಲ್ಲ ಎಂದು, ಗ್ರೂಪಿನ ಅಷ್ಟೂ ಜನರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿಬಿಟ್ಟಳು. ರಾಯರ ಮುಖ ಕಪ್ಪಿಟ್ಟಿತು.

"ಸುಮ್ನೆ ಕೂತ್ಕೊ ಅನಘಾ! ದೊಡ್ಡವರಿಗೆ ಎದುರು ಮಾತಾಡ್ತಿಯಾ?" ಎಂದು ಕೂಗಿದವನು ರಾಯರಲ್ಲ. ನಾನು. ಹಳ್ಳದಲ್ಲಿ ಕೂತಲ್ಲಿಂದಲೇ.

ಅವಳು ನನ್ನನ್ನು ಒಂದು ಸಲ ನೋಡಿದಳು. ಆಮೇಲೆ ಪಕ್ಕದಲ್ಲಿದ್ದ ನಿಶಾಂತನ ಕಡೆ ತಿರುಗಿ, "ತೂ ಬೋಲ್ ನಾ. ತೂನೇ ತೋ ದೇಖಾ", ನೀನು ನೋಡಿದ್ದೀಯಲ್ಲ, ನೀನೇ ಹೇಳು ಅಂದಳು. ನಿಶಾಂತ್ ಅಪ್ಪನ ಕುತ್ತಿಗೆಯ ಹಿಂಭಾಗವನ್ನು ನೋಡಿದ. "ಮೈ ಫೋನ್ ದೇಖ್ ರಹಾ ಥಾ", ತಾನು ಫೋನು ನೋಡುತ್ತಿದ್ದೆ ಅಂದ. ಆ ಬೆಟ್ಟದ ಬುಡದಲ್ಲಿ ಬೆಳಗಿನಿಂದ ಯಾರ ಫೋನಿಗೂ ನೆಟ್‌ವರ್ಕ್ ಇರಲಿಲ್ಲ.

ಮುಂದಿನದು ಬೇಗ ಹೇಳಿ ಮುಗಿಸುತ್ತೇನೆ. "ಭಟ್ರೇ, ಹಿಂದಿನಿಂದ ಸ್ವಲ್ಪ ದೂಡಿ" ಎಂದರು ರಾಯರು. ದೂಡಿದೆ. ಅವರು ಆಕ್ಸಿಲರೇಟರ್ ಒತ್ತಿದರು. ಹಳ್ಳದ ದಂಡೆಯ ಕೆಸರೆಲ್ಲ ಹಿಂದಿನ ಚಕ್ರದಿಂದ ಎದ್ದು ನನ್ನ ಮೇಲೆ ಬಂದು ಕೂತಿತು. ಸಾವಂತ್ ಬೈದು ನನ್ನನ್ನು ಪಕ್ಕಕ್ಕೆ ಎಳೆದು, ಇನ್ನೊಂದು ಗಾಡಿಗೆ ಪಟ್ಟಿ ಕಟ್ಟಿಸಿ ಎಳೆಸಿದ. ಗಾಡಿ ಹೊರಬಂತು. ಬಂದದ್ದೇ ಅನಘಾ ಬಾಗಿಲು ತೆಗೆದು ಇಳಿದಳು. "ನೀನು ಕೂತಿರಮ್ಮ, ನಿನ್ನದೆಂತ ಭಾರ" ಎಂದರು ರಾಯರು. "ಇಲ್ಲ ಅಂಕಲ್, ಭಾರ ಕಡಿಮೆ ಆಗ್ಲಿ" ಅಂದಳು ಅವಳು. ಶುದ್ಧ ಕನ್ನಡದಲ್ಲಿ. ಇಪ್ಪತ್ತಾರು ವರ್ಷ ನಾನು ಗೋಗರೆದರೂ ಬಾರದ ಕನ್ನಡ.

ಉಳಿದ ದಾರಿ ಅಪ್ಪ ಮಗಳು ನಡೆದೆವು. ನನ್ನ ಕಾಲು ಕುಂಟುತ್ತಿತ್ತು. ಅವಳು ನಿಲ್ಲಿಸಿ, ಬಗ್ಗಿ, ಮೊಣಕಾಲು ಒತ್ತಿ ನೋಡಿದಳು. "ಯಹಾ ದುಖ್ ರಹಾ ಹೈ?" "ಇಲ್ಲ." "ಝೂಟ್." ಮತ್ತೆ ನಡೆದೆವು. ನಾನೇ ಮಾತು ತೆಗೆದೆ. "ರಾಯರು ಕೆಟ್ಟವರೇನಲ್ಲ ಮಗಾ. ಅಷ್ಟು ಜನರ ಎದುರು ಯಾರಿಗಾದ್ರೂ ಹಾಗೇ ಆಗ್ತದೆ."

"ಅಪ್ಪಾ, ಉನ್ಹೋನೇ ಝೂಟ್ ಬೋಲಾ, ಛೋಡೋ. ಆಪ್ ನೇ ಮಾನ್ ಕ್ಯೂ ಲಿಯಾ?" ಅವರು ಸುಳ್ಳು ಹೇಳಿದ್ದಿರಲಿ, ನಾನು ಯಾಕೆ ಒಪ್ಪಿಕೊಂಡೆ ಎಂದು ಕೇಳಿದಳು.

"ನಿನಗೋಸ್ಕರ."

ಅವಳು ನಿಂತುಬಿಟ್ಟಳು. "ಮೇರೇ ಲಿಯೇ? ಔರ್ ಚುಪ್ ಭೀ ಮುಝೇ ಹೀ ಕರಾಯಾ?"

ನನಗೋಸ್ಕರ ತಪ್ಪು ಒಪ್ಪಿಕೊಂಡು, ನನ್ನ ಬಾಯನ್ನೇ ಮುಚ್ಚಿಸಿದೆಯಲ್ಲ ಎಂಬುದು ಅವಳ ಪ್ರಶ್ನೆ. ಬಹಳ ಯೋಚಿಸಿ, "ಚಟ್ನಿ ಸ್ವಲ್ಪ ಹಿಡ್ಕೊಳ್ತೀಯಾ?" ಎಂದು ಕೇಳಿದೆ. ತಗೊಂಡಳು. ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು.

ಮೇಲೆ ಮರದ ನೆರಳಿನಲ್ಲಿ ಎಲ್ಲರೂ ಗೋಳಿಬಜೆ ತಿಂದರು. ಚಟ್ನಿಯನ್ನು ಹೊಗಳದವರಿಲ್ಲ. ರಾಯರು ಹಳ್ಳದ ಕಥೆಯನ್ನು ಆಗಲೇ ರುಚಿ ಕಟ್ಟಿ ಹೇಳುತ್ತಿದ್ದರು. ಅದರಲ್ಲಿ ನಾನೀಗ ಬರೀ ಕೈ ಎತ್ತಿರಲಿಲ್ಲ, "ಲೆಫ್ಟ್, ಲೆಫ್ಟ್" ಎಂದು ಕೂಗಿಯೂ ಇದ್ದೆ. ಮರಳುವಾಗ ನನ್ನ ಸೀಟಿನ ಮೇಲೆ ಪೇಪರು ಹಾಸಿದರು. ಬದಲಾಪುರ ಬಂದ ಕೂಡಲೇ ಅನಘಾ, "ನಾವು ಟ್ರೇನಿನಲ್ಲಿ ಹೋಗ್ತೇವೆ" ಎಂದು ಇಳಿದಳು. ರಾಯರು ಒತ್ತಾಯ ಮಾಡಲಿಲ್ಲ. ಸೀಟು ಉಳಿಯಿತಲ್ಲ ಎಂಬ ಸಮಾಧಾನ ಅವರ ಮುಖದಲ್ಲಿ ಕಾಣುತ್ತಿತ್ತು. ಲೋಕಲ್ಲಿನಲ್ಲಿ ನನ್ನ ಕೆಸರು ನೋಡಿ ಜನ ಆಚೀಚೆ ಸರಿದರು. ಇಷ್ಟು ವರ್ಷದ ಪ್ರಯಾಣದಲ್ಲಿ ಮೊದಲ ಸಲ ನನಗೆ ಕಾಲು ಚಾಚಿ ಕೂರುವಷ್ಟು ಜಾಗ ಸಿಕ್ಕಿತು. ಮಗಳು ಮಾತ್ರ ಎದುರಿನ ಸೀಟಿನಲ್ಲಿ ಹೋಗಿ ಕೂತಳು.

ನಳಿನಿ ಎಲ್ಲವನ್ನೂ ಕೇಳಿದಳು. ಸೆರಗು ಕೈಗೆ ತೆಗೆದುಕೊಂಡಳು. ನನ್ನ ಅವಮಾನಕ್ಕೆ ಕಣ್ಣೀರು ಹಾಕುತ್ತಾಳೆ ಎಂದುಕೊಂಡೆ. "ಅಲ್ಲ, ಆ ಚಟ್ನಿ ಬಿಟ್ಟುಬಿಡ್ಲಿಕ್ಕೆ ಆಗ್ಲಿಲ್ವಾ ನಿಮಗೆ?" ಅಂದಳು.

ಅನಘಾ ಬೇಡ ಎಂದು ಹೇಳಿಯಾಗಿತ್ತು. ಅದನ್ನು ರಾಯರಿಗೆ ತಿಳಿಸುವ ಕೆಲಸ ನನ್ನದು. ಬೆಳಿಗ್ಗೆ ಸಂಜೆ ರೈಲಿನಲ್ಲಿ ನೇತಾಡಿಕೊಂಡು ಒಂದೊಂದೇ ವಾಕ್ಯ ಕಟ್ಟಿದೆ. ಮರ್ಯಾದೆಯದೂ ಆಗಬೇಕು, ಚುಚ್ಚಲೂ ಬೇಕು. ಅವುಗಳಲ್ಲಿ ಶ್ರೇಷ್ಠವಾದದ್ದು ಕಳವಾ ಸ್ಟೇಷನ್ ದಾಟುವಾಗ ಹೊಳೆದದ್ದು: "ನಾನು ಮನುಷ್ಯ ರಾಯರೇ, ಭಾರ ಅಲ್ಲ." ನನಗೇ ರೋಮಾಂಚನವಾಯಿತು. ಆದರೆ ನಾನು ಫೋನು ಮಾಡುವ ಮೊದಲೇ ಅವರದೇ ಬಂತು. "ಬೇಜಾರು ಮಾಡ್ಬೇಡಿ ಭಟ್ರೇ. ಹುಡುಗಿ ಚೆಂದ ಉಂಟು, ಕೆಲಸವೂ ಚೆಂದ. ಬಾಯಿ ಸ್ವಲ್ಪ ಜಾಸ್ತಿ. ನಮಗೆ ಸರಿ ಹೋಗೂದಿಲ್ಲ." ನಾವು ಬಿಡಬೇಕೆಂದಿದ್ದವರು ನಮ್ಮನ್ನು ಬಿಟ್ಟರು. "ಪರವಾಗಿಲ್ಲ ರಾಯರೇ, ಸಾರಿ" ಎಂದು ಹೇಳಿ ಫೋನಿಟ್ಟೆ. ಯಾಕೆ ಸಾರಿ ಹೇಳಿದೆನೋ ನನಗೆ ಗೊತ್ತಿಲ್ಲ. ಬಾಯಿಗೆ ರೂಢಿಯಾಗಿಬಿಟ್ಟಿತ್ತು. ನೆಂಟರಿಷ್ಟರಿಗೆ ನಳಿನಿ "ನಾವೇ ಬೇಡ ಅಂದದ್ದು" ಎನ್ನುತ್ತಾಳೆ. ಕಲ್ಯಾಣದಲ್ಲಿ ಬೇರೆ ಕಥೆ ನಡೆಯುತ್ತಿದೆ. ಎರಡು ಹೋಟೆಲು ಇರುವವರ ಕಥೆಗೆ ಕೇಳುವವರು ಜಾಸ್ತಿ.

ಮಗಳು ಈಗ ನನ್ನ ಮೊಣಕಾಲಿಗೆ ದಿನಾ ಸಂಜೆ ವ್ಯಾಯಾಮ ಮಾಡಿಸುತ್ತಾಳೆ. "ಸೀಧಾ. ರುಕೋ. ಛೋಡೋ." ನೆಟ್ಟಗೆ, ತಡಿ, ಬಿಡು, ಅಷ್ಟೇ ಮಾತು. ಕ್ಲಿನಿಕ್ಕಿನ ಯಾವ ಮುದುಕನಿಗಾದರೂ ಇದಕ್ಕಿಂತ ನಾಲ್ಕು ಮಾತು ಹೆಚ್ಚು ಆಡುತ್ತಾಳೆ.

ಮೊನ್ನೆ ಊಟಕ್ಕೆ ಕೂತಾಗ ಫೋನು ಹೊಡೆದುಕೊಂಡಿತು. ರಾಯರು. ಅವರ ಗಂಟಲಿಗೆ ಸ್ಪೀಕರು ಬೇಕಿಲ್ಲ, ಎದುರು ಕೂತ ಅನಘಾಳಿಗೂ ಪ್ರತಿ ಮಾತು ಕೇಳಿಸುತ್ತಿತ್ತು.

"ಭಟ್ರೇ, ಹಳೇದೆಲ್ಲ ಮರೆತುಬಿಡಿ. ಸಂಬಂಧ ಆಗ್ಲಿಲ್ಲಾಂತ ಸ್ನೇಹ ಬಿಡ್ಲಿಕ್ಕುಂಟಾ? ನಿಶಾಂತ್ ನನ್ನೊಟ್ಟಿಗೆ ಗಾಡಿ ಹತ್ತೂದಿಲ್ಲ ಅಂತಾನೆ. ಆ ದಿನದಿಂದ ಮುಖ ಕೊಟ್ಟು ಮಾತೂ ಆಡೂದಿಲ್ಲ. ಗ್ರೂಪಿನಲ್ಲಿ ಒಬ್ಬನೇ ಬರ್ಲಿಕ್ಕೆ ಬಿಡೂದಿಲ್ಲ, ಗಾಡಿಗೆ ಇಬ್ಬರು ಬೇಕು. ಯಾರನ್ನು ಕರೆದ್ರೂ ಒಳಗೇ ಕೂರ್ತೇನೆ ಅಂತ ಹಟ ಮಾಡ್ತಾರೆ. ನಿಮ್ಮ ಹಾಗೆ ಹೇಳಿದ ಕೂಡ್ಲೇ ಇಳಿಯುವವರು ಸಿಗೂದು ಕಷ್ಟ ಮಾರಾಯ್ರೆ. ಬರ್ತೀರಲ್ಲ?"

ಅನಘಾ ಕಲಸಿದ ಅನ್ನ ಹಾಗೇ ಬಿಟ್ಟು ನನ್ನನ್ನೇ ನೋಡಿದಳು. ನಳಿನಿ ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ನಾನು ಬೆನ್ನು ನೆಟ್ಟಗೆ ಮಾಡಿದೆ. ರೈಲಿನಲ್ಲಿ ಕಟ್ಟಿದ್ದ ವಾಕ್ಯಗಳೆಲ್ಲ ಒಟ್ಟಿಗೆ ಗಂಟಲಿಗೆ ಬಂದವು. ಕಳವಾ ಸ್ಟೇಷನ್ನಿನ ವಾಕ್ಯ ಎಲ್ಲಕ್ಕಿಂತ ಮುಂದೆ ಇತ್ತು. ಇಷ್ಟು ಒಳ್ಳೆಯ ಸಮಯ ಜನ್ಮದಲ್ಲಿ ಮತ್ತೆ ಬರಲಾರದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಬಾಯಿ ತೆರೆದೆ.

"ಯಾವ ಆದಿತ್ಯವಾರ?" ಎಂದು ಕೇಳಿದೆ.